ಒಂದೇ ಹೆಸರಿನ ವಿಮಾನಗಳು, ಅಜ್ಜಿಯ ಗುಂಡುಕಲ್ಲು

ನಮ್ಮ ಮನೆ ಇದ್ದದ್ದು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ. ತಾರಸಿ ಹತ್ತಿದರೆ ಲಾಲ್‌ಬಾಗಿನ ಮರಗಳ ತುದಿ ಕಾಣುತ್ತಿತ್ತು, ಅದರಾಚೆ ವಿಮಾನಗಳು ಏರಿ ಬರುವುದು ಕಾಣುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಒಗೆದ ಬಟ್ಟೆ ಹರವಲು ಮೇಲೆ ಹೋದ ನಾನು, ಬಕೆಟ್ಟನ್ನು ಕಾಲಬಳಿ ಇಟ್ಟು, ಕೈಯಲ್ಲಿ ಅಪ್ಪನ ಒದ್ದೆ ಪಂಚೆ ಹಿಡಿದುಕೊಂಡೇ, ಶಬ್ದ ಅಡಗುವವರೆಗೆ ಆಕಾಶ ನೋಡುತ್ತ ನಿಂತಿರುತ್ತಿದ್ದೆ. ಕೆಳಗಿನಿಂದ ಅಮ್ಮ ಕೂಗುತ್ತಿದ್ದಳು: "ವಿಮಾನ ಬಂದು ಬಟ್ಟೆ ಒಣಗಿಸುತ್ತದೇನೇ? ಇಳಿದು ಬಾ!"

ಅಪ್ಪ ಒಂದು ವಿಮಾನ ಸಂಸ್ಥೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ವಿಮಾನವೆಂದರೆ ಕಾಗದ, ಕಾರ್ಬನ್, ಮೇಲಧಿಕಾರಿಯ ಸಿಡುಕು. ಆದರೆ ಅಲ್ಲಿ ಓದಿ ಎಸೆದ ವಿಮಾನದ ಪತ್ರಿಕೆಗಳನ್ನು ಅವರು ಮನೆಗೆ ತರುತ್ತಿದ್ದರು. ಅಮ್ಮನಿಗೆ ಅದು ಡಬ್ಬಗಳ ಕೆಳಗೆ ಹಾಸುವ ಕಾಗದ. ನಾನು ಹಾಸುವ ಮುಂಚೆ ಓದುತ್ತಿದ್ದೆ, ಹಾಸಿದ ಮೇಲೂ ಡಬ್ಬ ಸರಿಸಿ ಓದುತ್ತಿದ್ದೆ.

ವಿಮಾನಗಳಿಗೂ ಸಂಸಾರವಿದೆ ಎಂದು ನನಗೆ ಗೊತ್ತಾದದ್ದು ಆ ಡಬ್ಬಗಳ ಕೆಳಗೆ. ಅದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ! ಅಲ್ಲಿಯವರೆಗೆ ಒಂದು ಹೆಸರು ಅಂದರೆ ಒಂದು ವಿಮಾನ ಅಂದುಕೊಂಡಿದ್ದೆ. ಹಾಗಲ್ಲವಂತೆ. ಮೊದಲು ಒಂದನ್ನು ಮಾಡುತ್ತಾರೆ. ಅದು ಚೆನ್ನಾಗಿ ಓಡಿತು ಅಂದರೆ ಇನ್ನಷ್ಟು ಜನರನ್ನು ಕೂರಿಸುವ ಆಸೆ ಹುಟ್ಟುತ್ತದೆ. ಆಗ ರೆಕ್ಕೆಯ ಮುಂದೊಂದು, ಹಿಂದೊಂದು ತುಂಡು ಸೇರಿಸಿ ಮೈಯನ್ನು ಉದ್ದ ಮಾಡುತ್ತಾರೆ. ನನ್ನ ಜರಿ ಲಂಗಕ್ಕೆ ಅಮ್ಮ ವರ್ಷ ವರ್ಷ ಮಡಿಕೆ ಬಿಚ್ಚುತ್ತಿದ್ದಳಲ್ಲ, ಹಾಗೆಯೇ. ಆದರೆ ಲಂಗ ಉದ್ದವಾದರೆ ತೂಕವೇನೂ ಏರುವುದಿಲ್ಲ. ವಿಮಾನಕ್ಕೆ ತೂಕವೇ ಪ್ರಾಣ. ಉದ್ದವಾದ ಮೈಯನ್ನು ಎತ್ತಲು ಒಂದೋ ಇಂಜಿನ್ನಿನ ನೂಕುಬಲ ಹೆಚ್ಚಬೇಕು, ಇಲ್ಲವೇ ರೆಕ್ಕೆ ಬದಲಾಗಬೇಕು, ಅಥವಾ ಎರಡೂ. ಯಾವುದೂ ಬೇಡವೆಂದರೆ ಓಡುವ ದಾರಿ ಉದ್ದವಿರಬೇಕು, ಹಾರುವ ದೂರ ಕಡಿಮೆಯಾಗಬೇಕು. ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ.

ಒಂದೊಂದು ಮನೆತನದ್ದು ಒಂದೊಂದು ಉಪಾಯ. ಬಾಲದ ಹತ್ತಿರ ಎರಡು ಇಂಜಿನ್ ಅಂಟಿಸಿಕೊಂಡ ಒಂದು ಚಿಕ್ಕ ವಿಮಾನವಿತ್ತು. ಅದರಲ್ಲಿ ಮೊದಲು ಹುಟ್ಟಿದ ಅಣ್ಣನಿಗೆ ರೆಕ್ಕೆಯ ಮುಂದಿನ ಅಂಚು ಸಾದಾ. ಉದ್ದ ಬೆಳೆದ ತಮ್ಮನಿಗೆ ರೆಕ್ಕೆಯ ತುದಿ ಚೂರು ಚಾಚಿದ್ದರು, ಮುಂದಿನ ಅಂಚು ಸರಿದು ತೆರೆದುಕೊಳ್ಳುವಂತೆ ಮಾಡಿದ್ದರು. ಮೂರು ಇಂಜಿನ್ನಿನ ದೊಡ್ಡದೊಂದಿತ್ತು. ದೂರ ಹೋಗುವ ತಮ್ಮನಿಗೆ ಇಂಜಿನ್ನಿನ ಬಲವೂ ಹೆಚ್ಚು, ರೆಕ್ಕೆಯೂ ಅಗಲ, ಭಾರ ತಾಳಲಾರದೆ ಹೊಟ್ಟೆಯಡಿ ಇನ್ನೊಂದು ಜೊತೆ ಚಕ್ರ ಬೇರೆ! ಎಲ್ಲಕ್ಕಿಂತ ನನಗೆ ಇಷ್ಟವಾದದ್ದು, ನಾಲ್ಕು ಇಂಜಿನ್ನಿನ ಮಹಾವಿಮಾನದ ಕುಳ್ಳ ತಮ್ಮ. ಅವನ ಮೈ ಕತ್ತರಿಸಿ ಗಿಡ್ಡ ಮಾಡಿದ್ದಕ್ಕೆ ಬಾಲವನ್ನು ಎತ್ತರ ಮಾಡಬೇಕಾಯಿತಂತೆ. ಮೈ ಗಿಡ್ಡವಾದರೆ ಬಾಲಕ್ಕೆ ಹಿಡಿತ ಸಾಲದು. ಅದನ್ನು ಓದಿ ನಾನು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದೆ.

ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಆಗ ನನ್ನ ಬಿ.ಎಸ್ಸಿ. ಮುಗಿದಿತ್ತು, ಜಾತಕ ಹೊರಗೆ ಹೋಗಿತ್ತು. ಪದ್ಮನಾಭನಗರದಿಂದ ನೋಡಲು ಬಂದ ವರನೊಬ್ಬ, ಪಾಪ, ಉಪ್ಪಿಟ್ಟು ತಿನ್ನುತ್ತ "ನಿಮ್ಮ ಹಾಬಿ ಏನು?" ಅಂದ. ನಾನು ಹೇಳಿದೆ. ಅಂಚು, ನೂಕುಬಲ, ಕುಳ್ಳ ತಮ್ಮನ ಎತ್ತರದ ಬಾಲ, ಎಲ್ಲ ಹೇಳಿದೆ. ಅವನ ಉಪ್ಪಿಟ್ಟು ಆರಿಹೋಯಿತು. ಆ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. "ಹುಡುಗಿ ಚೆನ್ನಾಗಿದ್ದಾಳೆ, ಆದರೆ ನೆಲದ ಮೇಲೆ ನಿಲ್ಲಲ್ಲ" ಅಂದರಂತೆ. ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇಷ್ಟೆಲ್ಲ ಮಾತಾಡುವ ನಾನು ವಿಮಾನ ಹತ್ತಿರಲಿಲ್ಲ. ಅಪ್ಪನಿಗೆ ಸಂಸ್ಥೆಯಿಂದ ಪಾಸು ಸಿಗುತ್ತಿತ್ತು. "ಕಾರಣ ಇಲ್ಲದೆ ಯಾರಾದ್ರೂ ಆಕಾಶಕ್ಕೆ ಹೋಗ್ತಾರಾ?" ಎಂದು ಅವರು ಅದನ್ನು ವರ್ಷ ವರ್ಷವೂ ಹಾಳು ಮಾಡುತ್ತಿದ್ದರು. ಮಗಳಿಗಾದರೆ ಆ ಪಾಸು ಮದುವೆಯಾಗುವವರೆಗೆ ಮಾತ್ರ. ತಾಳಿ ಬಿದ್ದ ದಿನ ಅದಕ್ಕೂ ಬೀಗ. ಟಿಕೆಟ್ ಕೊಂಡು ಹಾರುವಷ್ಟು ಅನುಕೂಲದ ಮನೆ ನಮ್ಮದಲ್ಲ, ಬರುವ ಜಾತಕಗಳೂ ಅಂಥವಲ್ಲ. ಹಾರಿದರೆ ಈಗಲೇ ಹಾರಬೇಕು, ಇಲ್ಲದಿದ್ದರೆ ಈ ಜನ್ಮಕ್ಕೆ ತಾರಸಿಯೇ ಗತಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕಾರಣ ಕೊನೆಗೂ ಹುಟ್ಟಿತು, ಗಂಡುಮಗುವಾಗಿ. ದೆಹಲಿಯಲ್ಲಿದ್ದ ಚಿಕ್ಕಪ್ಪನಿಗೆ ಮಗನಾದ. ಮೇ ತಿಂಗಳಲ್ಲಿ ನಾಮಕರಣ. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಹೋಗಲೇಬೇಕು. ಅವಳ ಮಂಡಿಗೆ ಎರಡು ರಾತ್ರಿಯ ರೈಲು ಆಗದು. ಚಿಕ್ಕಪ್ಪ ಅವಳಿಗೆ ವಿಮಾನದ ಟಿಕೆಟ್ ಕಳಿಸಿದ. ಅವಳ ಜೊತೆಗೆ ನಾನು, ಅಪ್ಪನ ಪಾಸಿನ ಮೇಲೆ. ಅಮ್ಮ ಒಪ್ಪಿದಳು. "ಇದೊಂದು ಸಲ ಹಾರಿ ಬಿಡ್ಲಿ. ಆಮೇಲಾದ್ರೂ ಬಾಯಿ ಮುಚ್ಕೊಂಡು ಸಂಸಾರ ಮಾಡ್ತಾಳೆ."

ಪಾಸಿನಲ್ಲಿ ಒಂದು ಕೊಕ್ಕೆ ಇತ್ತು. ಅದು ಖಾತ್ರಿಯ ಟಿಕೆಟ್ ಅಲ್ಲ. ದುಡ್ಡು ಕೊಟ್ಟವರೆಲ್ಲ ಹತ್ತಿ, ಅವರ ಸಾಮಾನೆಲ್ಲ ಹತ್ತಿ, ವಿಮಾನಕ್ಕೆ ಇನ್ನೂ ಶಕ್ತಿ ಉಳಿದಿದ್ದರೆ ಮಾತ್ರ ನಾನು. ಆದರೂ ನನಗೆ ಚಿಂತೆಯಿರಲಿಲ್ಲ. ದೆಹಲಿಗೆ ಬೆಳಗ್ಗೆ ಹೋಗುತ್ತಿದ್ದುದು ಸೀಟುಗಳ ನಡುವೆ ಎರಡು ನಡೆದಾರಿಯಿರುವ ದೊಡ್ಡ ವಿಮಾನ, ಜಾಗ ಬೇಕಾದಷ್ಟು. ಅದರಲ್ಲೂ ಅದು ಆ ಮನೆತನದ ಎರಡನೆಯವನು: ಮೊದಲನೆಯವನಿಗಿಂತ ಭಾರ ಹೊರುವವನು, ರೆಕ್ಕೆ ಮೈಗೆ ಸೇರುವ ಜಾಗದಲ್ಲಿ, ಮುಂದಿನ ಅಂಚಿನಡಿ, ಸಣ್ಣ ಬಾಗಿಲಿನಂತೆ ತೆರೆಯುವ ಒಂದು ಫಲಕವಿದ್ದವನು. ಆ ಬಾಗಿಲನ್ನು ಕಣ್ಣಾರೆ ನೋಡುತ್ತೇನೆಂದು ನಾನು ಮೂರು ಹೊತ್ತೂ ಕುಣಿಯುತ್ತಿದ್ದೆ.

ಅಜ್ಜಿ ಪಂಚಾಂಗ ತೆಗೆದಳು.

"ಸೋಮವಾರ ಬೆಳಗ್ಗೆ ಎಂಟು ಗಂಟೆಗಾ? ರಾಹುಕಾಲ ಕಣೋ," ಅಂದಳು ಅಪ್ಪನಿಗೆ. "ಮಧ್ಯಾಹ್ನ ಒಂದು ಹೋಗುತ್ತಲ್ಲ, ಅದಕ್ಕೆ ಮಾಡ್ಸು."

ಮಧ್ಯಾಹ್ನದ್ದು ಎರಡು ಇಂಜಿನ್ನಿನ ಚಿಕ್ಕ ಜೆಟ್ಟು. "ಭಾನುವಾರ ಬೆಳಗ್ಗೆ ಹೋಗೋಣ ಅಜ್ಜಿ! ಭಾನುವಾರ ರಾಹುಕಾಲ ಸಾಯಂಕಾಲ."

"ಭಾನುವಾರ ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ. ಸೋಮವಾರ ಮಧ್ಯಾಹ್ನ."

ನಾನು ಅವಳ ಹಿಂದೆ ಹಿಂದೆ ತಿರುಗಿದೆ. ಬೆಂಗಳೂರು ಮೊದಲೇ ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಿದೆ, ಇಲ್ಲಿಯ ಗಾಳಿಯೇ ತೆಳು. ಮೇ ತಿಂಗಳ ಮಧ್ಯಾಹ್ನ ಇನ್ನೂ ತೆಳುವಾಗುತ್ತದೆ. "ನೀರು ಜಾಸ್ತಿ ಬಿದ್ದ ಮಜ್ಜಿಗೆ ಥರ ಅಜ್ಜಿ. ಇಂಜಿನ್ನಿಗೆ ನೂಕೋಕೆ ಸಾಲಲ್ಲ, ರೆಕ್ಕೆಗೆ ಎತ್ತೋಕೆ ಸಾಲಲ್ಲ. ದೆಹಲಿವರೆಗೂ ಬೇಕಾದಷ್ಟು ಎಣ್ಣೆ ಬೇರೆ ತುಂಬಿರ್ತಾರೆ. ಭಾರ ಜಾಸ್ತಿ ಆದ್ರೆ ಇಳಿಸ್ತಾರೆ. ಮೊದಲು ಇಳಿಸೋದು ನನ್ನನ್ನೇ!"

ಅಜ್ಜಿ ಹುರುಳಿಕಾಯಿ ಸೋಸುತ್ತಿದ್ದಳು. "ನೀರು ಮಜ್ಜಿಗೇಲೂ ಊಟ ಆಗುತ್ತೆ ಕಣೇ. ಇನ್ನೊಂದು ಸೌಟು ಜಾಸ್ತಿ ಬಡಿಸ್ಕೋಬೇಕು ಅಷ್ಟೆ."

ನನಗೆ ಎಷ್ಟು ಕೋಪ ಬಂತೆಂದರೆ, ಅವಳ ಪಂಚಾಂಗವನ್ನೇ ಡಬ್ಬದ ಕೆಳಗೆ ಹಾಸಿಬಿಡಬೇಕು ಅನ್ನಿಸಿತು. ಅಪ್ಪ ತಮ್ಮ ತಾಯಿಯ ಮಾತು ಮೀರುವವರಲ್ಲ. ಸೋಮವಾರ ಮಧ್ಯಾಹ್ನಕ್ಕೇ ಆಯಿತು.

ನನಗೆ ಉಳಿದದ್ದು ಒಂದೇ ಆಸೆ. ಆ ಚಿಕ್ಕ ಜೆಟ್ಟಿನಲ್ಲೂ ಎರಡು ಪೀಳಿಗೆ ಇದ್ದವು. ಹೊರಗಿನಿಂದ ನೋಡಿದರೆ ಅವಳಿ ಜವಳಿ: ಅದೇ ಉದ್ದ, ಅದೇ ಕಿಟಕಿಗಳ ಸಾಲು, ರೆಕ್ಕೆಯಡಿ ಅದೇ ಸಪೂರ ಇಂಜಿನ್ನು. ಆದರೆ ಸಂಸ್ಥೆ ಮೊದಲು ಕೊಂಡವುಗಳಿಗೆ ನೂಕುಬಲ ಕಡಿಮೆ. ಆಮೇಲೆ ಕೊಂಡವುಗಳ ಇಂಜಿನ್ ಜೋರು, ರೆಕ್ಕೆಯ ಮುಂದಿನ ಅಂಚನ್ನೂ ತಿದ್ದಿದ್ದರು. ಮೈಮೇಲೆ ಬರೆದ ಅಕ್ಷರಗಳಿಂದ ಯಾವುದು ಹಳೆಯದು, ಯಾವುದು ಹೊಸದು ಅಂತ ಹೇಳಬಹುದಿತ್ತು. ಆ ಅಕ್ಷರಗಳು ನನಗೆ ಬಾಯಿಪಾಠ. ಹೊಸದು ಬಂದರೆ ನಾನು ಹತ್ತುತ್ತೇನೆ, ಹಳೆಯದು ಬಂದರೆ ಮನೆಗೆ ವಾಪಸ್ಸು.

ಇಷ್ಟು ಸಾಲದೆಂಬಂತೆ ಅಜ್ಜಿ ಗಂಟು ಕಟ್ಟಲು ಕೂತಳು. ಚಕ್ಕುಲಿ, ಕೋಡುಬಳೆ, ಬೇಸನ್ ಲಾಡು, ಎಲ್ಲ ಎಣ್ಣೆ ಡಬ್ಬಗಳಲ್ಲಿ. ಕೊನೆಗೆ ಹಿತ್ತಲಿಂದ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದದ್ದು ಒರಳಿನ ಗುಂಡುಕಲ್ಲು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲನ್ನು ಮಲಗಿಸುತ್ತಾರೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಲಾವಿ ಹಾಕಿ, ಗುಂಡಪ್ಪ ಎಂದು ಕರೆದು ತೂಗುತ್ತಾರೆ. ಮಗು ಗುಂಡುಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಈ ಕಲ್ಲು ಅಪ್ಪನ ತೊಟ್ಟಿಲಲ್ಲಿ ಮಲಗಿತ್ತು, ಚಿಕ್ಕಪ್ಪನ ತೊಟ್ಟಿಲಲ್ಲಿ, ನನ್ನ ತೊಟ್ಟಿಲಲ್ಲಿ. ದೆಹಲಿಯ ಮಗುವಿಗೆ ಮಾತ್ರ ಬೇರೆ ಕಲ್ಲೇ? ಅಜ್ಜಿಗೆ ಅದು ಆಗದ ಮಾತು.

"ಅಜ್ಜಿ, ಕಲ್ಲನ್ನ ಯಾರಾದ್ರೂ ವಿಮಾನದಲ್ಲಿ ತಗೊಂಡು ಹೋಗ್ತಾರಾ?"

"ಅದೇನು ನಿನ್ನ ತಲೆ ಮೇಲೆ ಕೂರುತ್ತಾ? ಅದರ ಪಾಡಿಗೆ ಅದು ಬರುತ್ತೆ."

ಸೋಮವಾರ ಟ್ಯಾಕ್ಸಿಯಲ್ಲಿ ನಾವು ಇಬ್ಬರು, ಹಿಂದೆ ಸ್ಕೂಟರಿನಲ್ಲಿ ಅಪ್ಪ. ವಿಮಾನ ನಿಲ್ದಾಣದಲ್ಲಿ ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು, ಓಡುದಾರಿ ಕುದಿಯುವ ಹಾಗೆ ನಡುಗುತ್ತಿತ್ತು. ಬೀಳ್ಕೊಡುವವರು ನಿಲ್ಲುವ ಕಂಬಿಯ ಹತ್ತಿರ ನಾನು ಕೊಕ್ಕರೆಯಂತೆ ಕತ್ತು ಚಾಚಿ ನಿಂತೆ. ವಿಮಾನ ಬಂತು! ಇಳಿಯಿತು, ಹೊಗೆ ಎಬ್ಬಿಸಿತು, ತಿರುಗಿತು, ನಿಧಾನವಾಗಿ ನಮ್ಮ ಕಡೆ ಬಂತು. ಮೊದಲು ಮೂತಿ, ಆಮೇಲೆ ರೆಕ್ಕೆ, ಆಮೇಲೆ ಆ ಅಕ್ಷರಗಳು.

ಹಳೆಯದು. ಸಂಸ್ಥೆಯ ಹಿರೀ ಮಗ, ಎಲ್ಲರಿಗಿಂತ ಕಡಿಮೆ ಬಲದವನು. ನನಗೆ ಅಳುವೇ ಬಂತು.

ಕೌಂಟರಿನಲ್ಲಿ ಅಪ್ಪನಿಗೆ ಪರಿಚಯದ ಅಧಿಕಾರಿಯೇ ಇದ್ದರು. ಅಜ್ಜಿಯ ಕೈಗೆ ಹತ್ತುವ ಚೀಟಿ ಬಂತು, ನನ್ನ ಪಾಸು ಮೇಜಿನ ಮೇಲೆಯೇ ಉಳಿಯಿತು. ನಾವು ಕಾದೆವು. ಎಲ್ಲರೂ ಒಳಗೆ ಹೋದರು. ಆಮೇಲೆ ಅಧಿಕಾರಿ ತಲೆ ಎತ್ತಿ, ಅಪ್ಪನ ಮುಖ ನೋಡದೆ ಹೇಳಿದರು: "ಸಾರಿ ಸಾರ್. ಸೀಟ್ ಇದೆ, ಆದ್ರೆ ವೆಯ್ಟ್ ಇಲ್ಲ. ಈ ಬಿಸಿಲಿಗೆ ಈ ಮಿಷಿನ್ ಇಷ್ಟೇ ಎಳೆಯೋದು. ಅಮ್ಮನ್ನ ಏರ್‌ಹೋಸ್ಟೆಸ್ ನೋಡ್ಕೋತಾರೆ. ಮಗಳು ಇನ್ನೊಂದು ಸಲ ಹೋಗ್ಲಿ."

ಇನ್ನೊಂದು ಸಲ! ಎಲ್ಲ ನಾನು ಹೇಳಿದ ಹಾಗೆಯೇ ಆಯಿತಲ್ಲ ಎಂಬ ಸಮಾಧಾನವೂ ಇರಲಿಲ್ಲ. ಸರಿಯಾಗಿ ಹೇಳಿದ್ದಕ್ಕೆ ಅಷ್ಟು ಸಂಕಟ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಅಜ್ಜಿ ಕೇಳಿದಳು, "ಗಂಟೆ ಎಷ್ಟಾಯ್ತು?"

"ಎರಡು ದಾಟ್ತು," ಅಂದೆ, ಸಿಡುಕಿ.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಏನಪ್ಪಾ, ಇವಳು ಎಷ್ಟು ತೂಕ ಇರ್ತಾಳೆ ನಿಮ್ಮ ಲೆಕ್ಕದಲ್ಲಿ?"

"ಅಮ್ಮಾ, ಒಬ್ಬರು ದೊಡ್ಡೋರಿಗೆ ಇಷ್ಟು ಅಂತ ಇರುತ್ತೆ."

"ನಮ್ಮ ಗಂಟುಗಳು ಎಷ್ಟು ತೂಗಿದ್ವು?"

ಅಧಿಕಾರಿ ಕಾಗದ ನೋಡಿದರು. ನೋಡಿ ಸಣ್ಣಗೆ ನಕ್ಕರು. "ಹೆಚ್ಚುಕಮ್ಮಿ ಅಷ್ಟೇ ಇದೆ. ಅದೇನಮ್ಮಾ, ಒಂದು ಚೀಲದಲ್ಲಿ ಕಬ್ಬಿಣ ತುಂಬಿದೀರಾ?"

"ಎಲ್ಲಾ ಇಳಿಸಿ," ಅಂದಳು ಅಜ್ಜಿ. "ಇವಳನ್ನ ಹತ್ತಿಸಿ."

"ಅಮ್ಮ, ಗುಂಡುಕಲ್ಲು!" ಅಂದರು ಅಪ್ಪ. ಅವರ ದನಿ ಬದಲಾಗಿತ್ತು. ಅವರ ತೊಟ್ಟಿಲ ಕಲ್ಲು ಅದು.

"ದೆಹಲೀಲಿ ಕಲ್ಲಿಗೇನು ಬರವೇ? ಒಂದು ಸಿಗುತ್ತೆ. ಅರಿಶಿನ ಹಚ್ಚಿದ್ರೆ ಅದೇ ಗುಂಡಪ್ಪ." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೇಳಿದಳು, "ಗಂಟೆ ಎಷ್ಟು ಈಗ? ಬೇಗ ಮಾಡಿಪ್ಪಾ."

ಅಧಿಕಾರಿ ಒಳಗೆ ಓಡಿದರು, ಬಂದರು, ಪಾಸಿನ ಮೇಲೆ ಠಪ್ಪೆಂದು ಮುದ್ರೆ ಒತ್ತಿದರು. ನಾನು ಅಲ್ಲೇ, ಎಲ್ಲರೆದುರು, ಅಜ್ಜಿಯನ್ನು ತಬ್ಬಿಕೊಂಡು ಮೇಲೆತ್ತಿಬಿಟ್ಟೆ. ಡಬ್ಬಗಳು, ಚೀಲ ವಾಪಸ್ಸು ಬಂದವು. ನಾವು ಬಿಸಿಲಿನಲ್ಲಿ ನಡೆದು ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದರೆ ಅಪ್ಪ ಕಂಬಿಯ ಹತ್ತಿರ ಗುಂಡುಕಲ್ಲನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದರು. ಅದನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಜಯನಗರದವರೆಗೆ ತಂದರಂತೆ. ದಾರಿಯಲ್ಲಿ ಪೊಲೀಸಿನವನೊಬ್ಬ ನಿಲ್ಲಿಸಿ "ಏನ್ ಸಾರ್ ಇದು?" ಅಂದದ್ದಕ್ಕೆ "ನಮ್ಮ ಮನೆ ಮಗು" ಅಂದರಂತೆ.

ಕಿಟಕಿಯ ಸೀಟು, ರೆಕ್ಕೆಯ ಹಿಂದೆ! ಆ ಬಣ್ಣ ಮಾಸಿದ ರೆಕ್ಕೆಯನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಿದೆ. ಒಂದೊಂದು ರಿವೆಟ್ಟೂ ಕಾಣುತ್ತಿತ್ತು. ಹಳೆಯದಾದರೇನು, ಬಲ ಕಡಿಮೆಯಾದರೇನು, ಆ ಕ್ಷಣಕ್ಕೆ ಇಡೀ ಸಂಸಾರದಲ್ಲಿ ಅದಕ್ಕಿಂತ ಚೆಂದದವನು ಇನ್ನೊಬ್ಬನಿರಲಿಲ್ಲ. ಇಂಜಿನ್ ಗುಂಯ್‌ಗುಟ್ಟಿತು. ರೆಕ್ಕೆಯ ಹಿಂಭಾಗ ತೆರೆದು ಕೆಳಕ್ಕೆ ಬಾಗಿತು, ಆದರೆ ಸ್ವಲ್ಪವೇ. "ಕಡಿಮೆ ಇಳಿಸಿದಾರೆ ಅಜ್ಜಿ! ಹಂಗಾದ್ರೆ ಜಾಸ್ತಿ ಹೊತ್ತು ಓಡುತ್ತೆ, ಆಮೇಲೆ ಸಲೀಸಾಗಿ ಏರುತ್ತೆ!" ಎಂದು ನಾನು ಅವಳ ತೋಳು ಹಿಂಡಿದೆ. ಅವಳು ಕಣ್ಣುಮುಚ್ಚಿ ಏನೋ ಜಪಿಸುತ್ತಿದ್ದಳು.

ಓಡುದಾರಿಯ ತುದಿಯಲ್ಲಿ ವಿಮಾನ ಸುಮ್ಮನೆ ನಿಂತಿತು. ಅಜ್ಜಿ ಒಂದು ಕಣ್ಣು ತೆರೆದಳು. "ಗಂಟೆ ಎಷ್ಟು?"

"ಎಷ್ಟು ಸಲ ಕೇಳ್ತೀಯ ಅಜ್ಜಿ! ಮೂರಾಗೋಕೆ ಬಂತು. ರಾಹುಕಾಲ ಬೆಳಗ್ಗೇನೇ ಮುಗೀತಲ್ಲ?"

"ಬೇಗ ಬಿಡೋಕೆ ಹೇಳೇ ಅವನಿಗೆ."

ಅವನಿಗೆ ಹೇಳಬೇಕಾಗಲಿಲ್ಲ. ಇಂಜಿನ್ನುಗಳು ಒಮ್ಮೆಲೇ ಅಬ್ಬರಿಸಿದವು. ನನ್ನ ಬೆನ್ನು ಸೀಟಿಗೆ ಒತ್ತಿತು. ನೂಕುಬಲ! ಅಷ್ಟು ವರ್ಷ ಓದಿದ ಮಾತು ನನ್ನ ಬೆನ್ನಿಗೇ ಬಂದು ತಾಗಿತ್ತು. ಓಡಿತು, ಓಡಿತು, ಹುಲ್ಲು, ಗುಡಿಸಲು, ಕಂಬ ಎಲ್ಲ ಹಿಂದಕ್ಕೆ ಹೋದವು, ಇನ್ನೂ ಓಡುತ್ತಲೇ ಇತ್ತು.

"ಇದಕ್ಕೆ ನೆಲ ಬಿಡೋ ಮನಸ್ಸೇ ಇಲ್ವಲ್ಲೇ!" ಎಂದಳು ಅಜ್ಜಿ.

"ಇನ್ನೊಂದು ಸೌಟು ಮಜ್ಜಿಗೆ ಬಡಿಸ್ಕೋತಿದೆ ಅಜ್ಜಿ!"

ಮೂತಿ ಎದ್ದಿತು. ತಳದ ಸದ್ದು ಥಟ್ಟನೆ ನಿಂತಿತು. ನಾನು ಕಿರುಚಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಿಕೊಳ್ಳಲಿ. ರೆಕ್ಕೆ ಭಾರ ಹೊತ್ತು ತುದಿಯಲ್ಲಿ ಮೇಲಕ್ಕೆ ಬಾಗಿತ್ತು. ಕೆಳಗೆ ಕೆರೆಗಳು, ತೆಂಗಿನ ತೋಟಗಳು, ಸ್ವಲ್ಪ ಹೊತ್ತಿಗೆ ಎಡಗಡೆ ಲಾಲ್‌ಬಾಗಿನ ಹಸಿರು. ಅದರಾಚೆ ಎಲ್ಲೋ ನಮ್ಮ ತಾರಸಿ, ಒಣಗುತ್ತಿರುವ ಬಟ್ಟೆ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅಜ್ಜಿ ನನ್ನ ಕೈ ಎಳೆದು ಗಡಿಯಾರ ನೋಡಿದಳು. ಮೂರಕ್ಕೆ ಚೂರು ಬಾಕಿಯಿತ್ತು. ಅವಳು ಉಸಿರು ಬಿಟ್ಟು ಸೀಟಿಗೆ ಒರಗಿದಳು.

"ಸದ್ಯ. ಗುಳಿಕದೊಳಗೇ ಹೊರಟ್ವಿ."

"ಗುಳಿಕಾನಾ?"

"ಸೋಮವಾರ ಒಂದೂವರೆಯಿಂದ ಮೂರು ಗುಳಿಕ ಕಾಲ. ಆಗ ಏನು ಮಾಡಿದ್ರೂ ಮತ್ತೆ ಮತ್ತೆ ಮಾಡೋ ಹಾಗಾಗುತ್ತೆ. ಅದಕ್ಕೇ ಆ ಹೊತ್ತಲ್ಲಿ ಹೆಣ ಎತ್ತಲ್ಲ, ಒಡವೆ ಕೊಳ್ತಾರೆ." ಅವಳು ಕಿಟಕಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ನಿಮ್ಮಮ್ಮ ಇದೊಂದು ಸಲ ಅಂದಳಲ್ಲ. ನನಗೆ ಅದು ಸರಿಹೋಗ್ಲಿಲ್ಲ ಕಣೇ. ನೀನು ಮತ್ತೆ ಮತ್ತೆ ಹಾರ್ಬೇಕು."

"ಹಾಗಾದ್ರೆ ಭಾನುವಾರ ಬೆಳಗ್ಗೆ ಹೋಗಬಹುದಿತ್ತಾ?"

"ಒಂದೇ ಸಲಕ್ಕಾದ್ರೆ ಹೋಗಬಹುದಿತ್ತು," ಎಂದು ಅಜ್ಜಿ ಕಣ್ಣು ಮುಚ್ಚಿದಳು.

ದೆಹಲಿಯ ತೊಟ್ಟಿಲಲ್ಲಿ ಪಕ್ಕದ ಮನೆಯ ಪಂಜಾಬಿ ಆಂಟಿ ಕೊಟ್ಟ ಮಸಾಲೆ ಅರೆಯುವ ಕಲ್ಲು ಮಲಗಿತು. ಆ ಮಗು ಈಗ ಆರಡಿ ಎತ್ತರದ ಗಂಡಸು, ಕಲ್ಲಿನಂತೆಯೇ ಗಟ್ಟಿಯಾಗಿದ್ದಾನೆ. ನಮ್ಮ ಗುಂಡುಕಲ್ಲು ಈಗ ನನ್ನ ಮನೆಯಲ್ಲಿದೆ. ನಾನು ರಾಹುಕಾಲ ನೋಡುವುದಿಲ್ಲ, ಯಮಗಂಡ ಕೇಳುವುದಿಲ್ಲ, ಹೇಳುವವರ ಜೊತೆ ಜಗಳವನ್ನೂ ಆಡುತ್ತೇನೆ. ಆದರೆ ವಿಮಾನದ ಟಿಕೆಟ್ ತೆಗೆಸುವಾಗ ಮಾತ್ರ, ಆ ದಿನ ಗುಳಿಕ ಎಷ್ಟು ಹೊತ್ತಿಗೆ ಎಂದು ಇವತ್ತಿಗೂ ನೋಡಿಯೇ ತೆಗೆಸುತ್ತೇನೆ.